ಚಿತ್ರದುರ್ಗದ ಪಿನ್ ಕೋಡ್ ಅವಿಭಾಜ್ಯ ಸಂಖ್ಯೆಯೇ?

ಪ್ರಶ್ನೆ: ನಮ್ಮದು ಚಿತ್ರದುರ್ಗ. ಮಗ ಒಂಬತ್ತನೇ ಕ್ಲಾಸು. ಮೊನ್ನೆ ಕವರ್ ಮೇಲೆ ವಿಳಾಸ ಬರೆಯುತ್ತಾ, "ಅಪ್ಪಾ, 577501 ಅವಿಭಾಜ್ಯ ಸಂಖ್ಯೆನಾ?" ಅಂತ ಕೇಳಿದ. ಇಬ್ಬರೂ ಕೂತು 2ರಿಂದ 19ರವರೆಗೆ ಭಾಗಿಸಿ ನೋಡಿದೆವು, ಯಾವುದರಿಂದಲೂ ಹೋಗಲಿಲ್ಲ. ಹಾಗಾದರೆ ಅವಿಭಾಜ್ಯ ಅಂತಲೇ ಅರ್ಥವಾ? ದಾವಣಗೆರೆಯಲ್ಲಿರುವ ನಮ್ಮ ಭಾವ, "ನಮ್ಮ 577001 ಅವಿಭಾಜ್ಯ, ನಿಮ್ಮದಲ್ಲ" ಅಂತ ಪಂದ್ಯ ಕಟ್ಟಿದ್ದಾರೆ, ನಾನು ಉಲ್ಟಾ ಕಟ್ಟಿದ್ದೇನೆ. ಸೋತವರು ಮಂಡಕ್ಕಿ-ಮಿರ್ಚಿ ಕೊಡಿಸಬೇಕು. ಇಷ್ಟು ದೊಡ್ಡ ಸಂಖ್ಯೆ ಕೊಟ್ಟರೆ ಅದರ ಗುಣಗಳನ್ನು ಕಂಡುಹಿಡಿಯೋದು ಹೇಗೆ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ:

ಮೊದಲು ಪಂದ್ಯದ ವಿಷಯ ಮುಗಿಸಿಬಿಡೋಣ. ಇಬ್ಬರೂ ಸೋತಿದ್ದೀರಿ. ನಿಮ್ಮ 577501 ಅಂದರೆ 271 × 2131. ನಿಮ್ಮ ಭಾವನವರ 577001 ಅಂದರೆ 23 × 25087. ಎರಡೂ ಸಂಯುಕ್ತ ಸಂಖ್ಯೆಗಳೇ. ಮಿರ್ಚಿಯ ದುಡ್ಡು ಅರ್ಧರ್ಧ ಹಾಕಿಕೊಳ್ಳಿ. ಭಾವನವರಿಗಾದರೂ 23ರ ಮಗ್ಗಿ ಸಾಕಿತ್ತು, 19 ಆದಮೇಲೆ ಬರುವ ಅವಿಭಾಜ್ಯ ಅದೇ. ನಿಮ್ಮದು ಹಾಗಲ್ಲ, ಬಹಳ ದೂರ ಓಡಾಡಿಸುವ ಸಂಖ್ಯೆ, ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಬರೆಯುತ್ತೇನೆ.

19ರವರೆಗೆ ಹೋಗಲಿಲ್ಲ ಅಂದಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಹಾಗಾದರೆ ಎಲ್ಲಿಗೆ ನಿಲ್ಲಿಸಬಹುದು? ವರ್ಗಮೂಲಕ್ಕೆ. ಒಂದು ಸಂಖ್ಯೆ ಎರಡರ ಗುಣಲಬ್ಧ ಆಗಿದ್ದರೆ ಆ ಎರಡೂ ವರ್ಗಮೂಲಕ್ಕಿಂತ ದೊಡ್ಡವಾಗಿರಲು ಸಾಧ್ಯವಿಲ್ಲ, ಹಾಗಿದ್ದರೆ ಗುಣಿಸಿದಾಗ ಮೂಲ ಸಂಖ್ಯೆಯನ್ನೇ ದಾಟಿಬಿಡುತ್ತವೆ. 760 × 760 = 5,77,600. ನಿಮ್ಮ ಸಂಖ್ಯೆ ಅದಕ್ಕಿಂತ ಬರೀ 99 ಕಡಿಮೆ. ಅಂದರೆ 760ರ ಒಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಮುಗಿಯಿತು. 2ರಿಂದ ಶುರುವಾಗಿ 757ರವರೆಗೆ ಅಂಥವು 134 ಇವೆ. 4, 6, 9 ಇಂಥವನ್ನು ಮುಟ್ಟುವುದೇ ಬೇಡ. 2ರಿಂದ ಹೋಗದ ಸಂಖ್ಯೆ 6ರಿಂದ ಹೇಗೆ ಹೋಗುತ್ತದೆ, ಅಲ್ವಾ?

ಆದರೆ ಪೆನ್ನು ಹಿಡಿಯುವ ಮೊದಲು ಒಂದು ಕೆಲಸ ಮಾಡಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕೊಟ್ಟ ಸಂಖ್ಯೆಯನ್ನೇ ದಿಟ್ಟಿಸಿ ಕೂರಬೇಡಿ, ಅದರ ಪಕ್ಕದ ಸಂಖ್ಯೆ ಯಾವುದು ನೋಡಿ. ನಿಮ್ಮ ಪಕ್ಕದಲ್ಲಿ ಇರುವುದು 577500. ಅದು 7500 × 77. 77ರಲ್ಲಿ 7 ಮತ್ತು 11 ಸಿಕ್ಕವು. 7500ರಲ್ಲಿ 2, 3, 5 ಇವೆ. ಪೂರ್ತಿ ಬಿಡಿಸಿದರೆ 2 × 2 × 3 × 5 × 5 × 5 × 5 × 7 × 11. ಇವೆಲ್ಲದರಿಂದ 577500 ನಿಶ್ಶೇಷವಾಗಿ ಹೋಗುವುದರಿಂದ, ಒಂದು ಹೆಚ್ಚಿರುವ 577501ಕ್ಕೆ ಪ್ರತಿಯೊಂದರಿಂದಲೂ ಶೇಷ 1 ಬರಲೇಬೇಕು. ಐದು ಭಾಗಾಕಾರ ಮಾಡದೆಯೇ ಮುಗಿಯಿತು.

ಅದೇ ಪಕ್ಕದ ಸಂಖ್ಯೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. 2ರಿಂದ 12ರವರೆಗಿನ ಯಾವ ಸಂಖ್ಯೆ ತೆಗೆದುಕೊಂಡರೂ ಅದರಲ್ಲಿ 2, 3, 5, 7, 11 ಇವುಗಳಲ್ಲಿ ಒಂದಾದರೂ ಇದ್ದೇ ಇರುತ್ತದೆ. ಆ ಐದೂ 577500ರಲ್ಲಿಯೂ ಇವೆ. ಹಾಗಾಗಿ 577502ರಿಂದ 577512ರವರೆಗೆ ಒಂದೂ ಅವಿಭಾಜ್ಯ ಇಲ್ಲ, ಹಿಂದಕ್ಕೆ ಹೋದರೆ 577498ರಿಂದ 577488ರವರೆಗೂ ಇಲ್ಲ. ಉಳಿದದ್ದು ಎರಡೇ: 577499 ಮತ್ತು ನಿಮ್ಮ 577501. ಮೊದಲನೆಯದು 13 × 31 × 1433. ನಿಮ್ಮದರ ಕಥೆ ಆಗಲೇ ಹೇಳಿದೆ. ಒಟ್ಟಿನಲ್ಲಿ ಸಾಲಾಗಿ 25 ಸಂಖ್ಯೆಗಳಲ್ಲಿ ಒಂದೇ ಒಂದು ಅವಿಭಾಜ್ಯ ಇಲ್ಲ. ಐದೂ ಮುಕ್ಕಾಲು ಲಕ್ಷದ ಆಸುಪಾಸಿನಲ್ಲಿ ಸರಾಸರಿ 13 ಸಂಖ್ಯೆಗೆ ಒಂದರಂತೆ ಅವಿಭಾಜ್ಯ ಸಿಗಬೇಕು, ಆದರೂ ದುರ್ಗದ ಸುತ್ತ ಬರಗಾಲ.

ಇನ್ನು 13. ಇದಕ್ಕೊಂದು ಹಳೇ ಉಪಾಯ ಇದೆ, ಮಗನಿಗೆ ಕಲಿಸಿ, ಪರೀಕ್ಷೆಗೂ ಬರುತ್ತದೆ. 7 × 11 × 13 = 1001. ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ಕತ್ತರಿಸಿ: 577 ಮತ್ತು 501. ಒಂದರಿಂದ ಇನ್ನೊಂದನ್ನು ಕಳೆಯಿರಿ: 76. ಈ 76 ಯಾವುದರಿಂದ ಹೋಗುತ್ತದೋ ಮೂಲ ಸಂಖ್ಯೆಯೂ ಅದರಿಂದ ಹೋಗುತ್ತದೆ, 7, 11, 13 ಈ ಮೂರರ ಮಟ್ಟಿಗೆ ಮಾತ್ರ. 76 ಈ ಮೂರರಲ್ಲಿ ಯಾವುದರಿಂದಲೂ ಹೋಗುವುದಿಲ್ಲ. ಅದೇ ದಾವಣಗೆರೆಯ 577003 ತೆಗೆದುಕೊಳ್ಳಿ. 577ರಲ್ಲಿ 3 ಕಳೆದರೆ 574, ಅದು 7 × 82. ಸಿಕ್ಕಿಬಿತ್ತು, 577003 = 7 × 82429.

17ರಿಂದ ಮುಂದೆ ಅಡ್ಡದಾರಿ ಇಲ್ಲ, ಭಾಗಿಸುತ್ತಾ ಹೋಗಬೇಕು. ಈ ಸಂಖ್ಯೆ ಆಸೆ ಹುಟ್ಟಿಸಿ ಕೈಕೊಡುವುದರಲ್ಲಿ ನಿಸ್ಸೀಮ. 31ರಿಂದ ಭಾಗಿಸಿದರೆ ಶೇಷ ಬರೀ 2. 37ಕ್ಕೆ 5. 199ಕ್ಕೆ 3. ನೂರು ದಾಟಿತು, ಇನ್ನೂರು ದಾಟಿತು, ಇನ್ನೇನು ಅವಿಭಾಜ್ಯವೇ ಇರಬೇಕು ಅಂತ ಪುಸ್ತಕ ಮುಚ್ಚುವ ಹೊತ್ತಿಗೆ 271 ಬರುತ್ತದೆ. 271 × 2000 = 5,42,000. ಉಳಿದದ್ದು 35,501. 271 × 131 = 35,501. ಶೇಷ ಸೊನ್ನೆ.

271 ಅನ್ನುವುದು 58ನೆಯ ಅವಿಭಾಜ್ಯ. ಅದಕ್ಕೂ ಮುಂಚೆ 57 ಅವಿಭಾಜ್ಯಗಳು ಬರಿಗೈಲಿ ವಾಪಸ್ ಬಂದಿವೆ. ನಿಮ್ಮ ಊರಿನ ಕೋಟೆಗೆ ಏಳು ಸುತ್ತು, ಪಿನ್ ಕೋಡಿಗೆ ಐವತ್ತೇಳು.

ಉಳಿದ 2131 ಅವಿಭಾಜ್ಯ. ಅದರ ವರ್ಗಮೂಲ 46 ಚಿಲ್ಲರೆ, ಅಂದರೆ 43ರವರೆಗೆ ನೋಡಿದರೆ ಸಾಕು, ಮಗನೇ ಮಾಡಲಿ.

ಒಡೆದಮೇಲೆ ಗುಣಗಳು ಸಾಲಾಗಿ ಬರುತ್ತವೆ. ಅಪವರ್ತನಗಳು ನಾಲ್ಕೇ: 1, 271, 2131, 577501. ಪಕ್ಕದ 577500ಕ್ಕೆ ಎಷ್ಟು ಗೊತ್ತಾ? 120. ಎಣಿಸುವ ದಾರಿ ಸುಲಭ, ಪ್ರತಿ ಅವಿಭಾಜ್ಯ ಎಷ್ಟು ಸಲ ಬಂದಿದೆಯೋ ಅದಕ್ಕೆ ಒಂದು ಸೇರಿಸಿ ಎಲ್ಲವನ್ನೂ ಗುಣಿಸಿ: 3 × 2 × 5 × 2 × 2. ಒಂದೇ ಒಂದು ಸಂಖ್ಯೆಯ ಅಂತರದಲ್ಲಿ 120 ಎಲ್ಲಿ, 4 ಎಲ್ಲಿ! ದೊಡ್ಡ ಸಂಖ್ಯೆಗಳ ಲೋಕದಲ್ಲಿ ಇದು ಮಾಮೂಲು, ಅಕ್ಕಪಕ್ಕದ ಎರಡು ಸಂಖ್ಯೆಗಳಿಗೆ 1 ಬಿಟ್ಟರೆ ಸಮಾನವಾದ ಅಪವರ್ತನ ಇರುವುದೇ ಇಲ್ಲ.

ನನಗೆ ಜಾಸ್ತಿ ಇಷ್ಟವಾದದ್ದು 271. ಸುಮ್ನೆ ನೋಡಿದರೆ ಏನೂ ವಿಶೇಷ ಇಲ್ಲದ ಸಂಖ್ಯೆ. ಆದರೆ 10ರ ಘನದಲ್ಲಿ 9ರ ಘನ ಕಳೆದರೆ 271: 1000 − 729. ಐದು ಒಂದುಗಳ 11111 ಕೂಡ 41 × 271. ಹಾಗಾಗಿ 99999ವೂ 271ರಿಂದ ಹೋಗುತ್ತದೆ, ಭಾಗಲಬ್ಧ 369. ಇದರ ಪರಿಣಾಮ ಏನು ಅಂದರೆ, 1ನ್ನು 271ರಿಂದ ಭಾಗಿಸಿದರೆ 0.00369 00369 00369 ಅಂತ ಐದೈದು ಅಂಕಿ ಮರಳಿ ಮರಳಿ ಬರುತ್ತದೆ. 1ನ್ನು 369ರಿಂದ ಭಾಗಿಸಿದರೆ 0.00271 00271 00271! ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡಿ.

ಇನ್ನೊಂದು. ಯಾವ ಬೆಸ ಸಂಖ್ಯೆಯನ್ನೇ ಆಗಲಿ ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬಹುದು. 271 ಮತ್ತು 2131ರ ಸರಾಸರಿ 1201, ಅವುಗಳ ಅಂತರದ ಅರ್ಧ 930. ಆದ್ದರಿಂದ 577501 = 1201² − 930². 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಇದನ್ನೇ ತಿರುಗಿಸಿ ಅಪವರ್ತನ ಹುಡುಕುವ ದಾರಿ ಮಾಡಿಕೊಂಡಿದ್ದ. ವರ್ಗಮೂಲದ ಮೇಲಿನ ಸಂಖ್ಯೆಯಿಂದ ಶುರುಮಾಡಿ ಒಂದೊಂದರ ವರ್ಗದಿಂದಲೂ ಕೊಟ್ಟ ಸಂಖ್ಯೆ ಕಳೆಯುತ್ತಾ ಹೋಗುವುದು, ಉಳಿದದ್ದು ಪೂರ್ಣ ವರ್ಗ ಆದ ತಕ್ಷಣ ಸಿಕ್ಕಿತು ಅಂತ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದರೆ ಈ ದಾರಿ ಬಹಳ ಚೆನ್ನ. ನಿಮ್ಮ ಸಂಖ್ಯೆಗೆ ಪ್ರಯೋಜನ ಇಲ್ಲ, 760ರಿಂದ 1201ರವರೆಗೆ 442 ಸಲ ಮಾಡಬೇಕಾಗುತ್ತದೆ.

ವ್ಯತ್ಯಾಸ ಆಯಿತು, ಮೊತ್ತ? ಇಲ್ಲೂ ಈ ಸಂಖ್ಯೆ ವೇಷ ಹಾಕುತ್ತದೆ. 4ರಿಂದ ಭಾಗಿಸಿದರೆ ಶೇಷ 1. ಅವಿಭಾಜ್ಯ ಸಂಖ್ಯೆಯೊಂದಕ್ಕೆ ಹೀಗೆ ಶೇಷ 1 ಬಂದರೆ ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲೇಬಹುದು: 13 = 9 + 4, 29 = 25 + 4. ಆದರೆ 577501ನ್ನು ಹಾಗೆ ಬರೆಯಲು ಬರುವುದಿಲ್ಲ. ಯಾಕೆಂದರೆ ಒಳಗಿರುವ 271 ಮತ್ತು 2131 ಎರಡಕ್ಕೂ 4ರಿಂದ ಶೇಷ 3. ಎರಡು 3 ಗುಣಿಸಿ 9 ಆಗಿ, ಹೊರಗಡೆ ಶೇಷ 1 ಅಂತ ತೋರಿಸುತ್ತಿದೆ ಅಷ್ಟೇ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇನ್ನೂ ದೊಡ್ಡ ಸಂಖ್ಯೆ ಆದರೆ? 58 ಭಾಗಾಕಾರ ಸರಿ, 58 ಕೋಟಿ ಭಾಗಾಕಾರ ಯಾರು ಮಾಡುತ್ತಾರೆ? ಇಲ್ಲೊಂದು ಸೂಕ್ಷ್ಮ ಇದೆ. "ಇದು ಅವಿಭಾಜ್ಯವೇ?" ಅನ್ನುವುದು ಒಂದು ಪ್ರಶ್ನೆ, "ಇದರ ಅಪವರ್ತನ ಯಾವುವು?" ಅನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದು ಸುಲಭ, ಎರಡನೆಯದು ಕಷ್ಟ. ಒಂದು ಸಂಖ್ಯೆ ಒಡೆಯುತ್ತದೆ ಅಂತ ಖಾತ್ರಿಯಾಗಿ ಗೊತ್ತಿದ್ದು, ಎಲ್ಲಿ ಒಡೆಯುತ್ತದೆ ಅಂತ ಯಾರಿಗೂ ಗೊತ್ತಿಲ್ಲದೆ ಇರಬಹುದು.

ಇದು ಹೇಗೆ ಸಾಧ್ಯ? ಮತ್ತೆ ಪಕ್ಕದ ಸಂಖ್ಯೆಯೇ ಬೇಕು. ಫರ್ಮಾನದೇ ಒಂದು ಪ್ರಮೇಯ ಇದೆ. 2ನ್ನು ಬಿಟ್ಟು ಬೇರೆ ಯಾವುದೇ ಅವಿಭಾಜ್ಯ ತೆಗೆದುಕೊಳ್ಳಿ, 1ರಿಂದ ಶುರುಮಾಡಿ ಅದಕ್ಕಿಂತ ಒಂದು ಕಡಿಮೆ ಸಲ 2ರಿಂದ ಗುಣಿಸುತ್ತಾ ಹೋಗಿ, ಬಂದದ್ದನ್ನು ಆ ಅವಿಭಾಜ್ಯದಿಂದ ಭಾಗಿಸಿದರೆ ಶೇಷ 1 ಬರುತ್ತದೆ. ಚಿಕ್ಕದರಲ್ಲಿ ನೋಡಿ: 2ರ 6ನೇ ಘಾತ 64, 7ರಿಂದ ಭಾಗಿಸಿದರೆ ಶೇಷ 1. ಈಗ 2ರ 577500ನೇ ಘಾತವನ್ನು 577501ರಿಂದ ಭಾಗಿಸಿ. ಶೇಷ 3,16,111. ಒಂದಲ್ಲ. ಮುಗಿಯಿತು, ಇದು ಅವಿಭಾಜ್ಯ ಅಲ್ಲವೇ ಅಲ್ಲ, ಆದರೆ 271ರ ಸುಳಿವೂ ಇಲ್ಲ. ಅಷ್ಟು ದೊಡ್ಡ ಘಾತ ಯಾರು ಲೆಕ್ಕ ಹಾಕುತ್ತಾರೆ ಅಂತ ಹೆದರಬೇಡಿ. ವರ್ಗ ಮಾಡು, ಶೇಷ ಮಾತ್ರ ಇಟ್ಟುಕೋ, ಮತ್ತೆ ವರ್ಗ ಮಾಡು, ಬೇಕಾದ ಕಡೆ ದುಪ್ಪಟ್ಟು ಮಾಡು. 19 ಸಲ ವರ್ಗ ಮಾಡಿದರೆ ಮುಗಿಯುತ್ತದೆ, ತಾಳ್ಮೆ ಇದ್ದರೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಒಂದು ಎಚ್ಚರಿಕೆ: ಶೇಷ 1 ಬಂದರೆ ಅವಿಭಾಜ್ಯ ಅಂತ ಖಾತ್ರಿ ಇಲ್ಲ. 341 = 11 × 31, ಆದರೂ ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಯಾವತ್ತೂ ಮೋಸ ಹೋಗದೆ, ಸಂಖ್ಯೆ ಎಷ್ಟೇ ಬೆಳೆದರೂ ಕೈಗೆಟಕುವ ಹೊತ್ತಿನಲ್ಲಿ ತೀರ್ಪು ಕೊಡುವ ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು.

ಒಡೆಯುವ ಕೆಲಸಕ್ಕೆ ಅಂಥ ಅದೃಷ್ಟ ಇನ್ನೂ ಬಂದಿಲ್ಲ. ನಿಮ್ಮ ಸಂಖ್ಯೆಗೆ ಒಂದು ಒಳದಾರಿ ಇದೆ, 1974ರಲ್ಲಿ ಜಾನ್ ಪೊಲಾರ್ಡ್ ತೋರಿಸಿದ್ದು. 271ರ ಪಕ್ಕದ 270 ಬರೀ ಚಿಕ್ಕ ಚಿಕ್ಕ ಸಂಖ್ಯೆಗಳಿಂದ ಆದದ್ದು: 2 × 3 × 3 × 3 × 5. ಹಾಗಾಗಿ 1ರಿಂದ 9ರವರೆಗಿನ ಗುಣಲಬ್ಧ 3,62,880ರಲ್ಲಿ ಅದು ಅಡಗಿ ಕೂತಿದೆ. 2ರ 3,62,880ನೇ ಘಾತದಲ್ಲಿ 1 ಕಳೆದು, ಅದಕ್ಕೂ 577501ಕ್ಕೂ ಮ.ಸಾ.ಅ. ತೆಗೆಯಿರಿ, 271 ಹೊರಗೆ ಬರುತ್ತದೆ. ಅಪವರ್ತನಗಳ ಪಕ್ಕದ ಸಂಖ್ಯೆಗಳು ಇಷ್ಟು ಸಲೀಸಾಗಿ ಒಡೆಯದಿದ್ದರೆ ಈ ದಾರಿಯೂ ಮುಚ್ಚುತ್ತದೆ. ಆರ್‌ಎಸ್‌ಎ-250 ಅನ್ನುವ 250 ಅಂಕಿಯ ಸಂಖ್ಯೆಯನ್ನು 2020ರಲ್ಲಿ ಒಡೆದರು, ಅದೂ ಎಷ್ಟೋ ಕಂಪ್ಯೂಟರ್‌ಗಳನ್ನು ಒಟ್ಟಿಗೆ ದುಡಿಸಿ. ಇಂಟರ್ನೆಟ್ಟಿನ ಬೀಗಗಳಲ್ಲಿ ಬಳಸುವ ಇಂಥ ಸಂಖ್ಯೆಗಳು ಸಾಮಾನ್ಯವಾಗಿ 617 ಅಂಕಿಯವು.

ಸರಿ, ನಿಮ್ಮ ಸೀಮೆಗೆ ವಾಪಸ್ ಬರೋಣ. ದಾವಣಗೆರೆಯ ಪಿನ್ ಕೋಡುಗಳಲ್ಲಿ 577001ರಿಂದ 577006ರವರೆಗಿನವನ್ನು ನೋಡಿ. ಮೂರು ಸಮಸಂಖ್ಯೆ, ಒಂದು 5ರಲ್ಲಿ ಕೊನೆಯಾಗುತ್ತದೆ, 577001 ಮತ್ತು 577003 ಆಗಲೇ ಒಡೆದೆವು. ಆರರಲ್ಲಿ ಒಂದೂ ಅವಿಭಾಜ್ಯ ಇಲ್ಲ. ಚಳ್ಳಕೆರೆ 577522, ಹೊಳಲ್ಕೆರೆ 577526, ಎರಡೂ ಸಮ. ಮೊಳಕಾಲ್ಮೂರು 577535, ಕೊನೆಯಲ್ಲಿ 5. ಹೊಸದುರ್ಗದ 577527 ಸ್ವಲ್ಪ ಆಸೆ ಹುಟ್ಟಿಸುತ್ತದೆ, ಆದರೆ ಅಂಕಿಗಳನ್ನು ಕೂಡಿದರೆ 33, ಅಂದರೆ 3ರಿಂದ ಹೋಗುತ್ತದೆ.

ಗೆದ್ದದ್ದು ಹರಿಹರ. 577601.

ಇದರ ಪಕ್ಕದ ಸಂಖ್ಯೆ ನೋಡಿ, ಆಗಲೇ ಬಂದಿತ್ತು: 577600, ಅಂದರೆ 760ರ ವರ್ಗ. ಹಾಗಾಗಿ ಹರಿಹರದ ಪಿನ್ ಕೋಡ್ 760² + 1. ಈ ರೂಪ ಕಂಡ ತಕ್ಷಣ ಅರ್ಧ ಕೆಲಸ ಉಳಿತಾಯವಾಯಿತು ಅಂತ ಲೆಕ್ಕ. ಒಂದು ಬೆಸ ಅವಿಭಾಜ್ಯ ಯಾವುದಾದರೂ ವರ್ಗಕ್ಕೆ 1 ಸೇರಿಸಿದ ಸಂಖ್ಯೆಯನ್ನು ಭಾಗಿಸಬೇಕಾದರೆ, ಆ ಅವಿಭಾಜ್ಯಕ್ಕೆ 4ರಿಂದ ಶೇಷ 1 ಇರಲೇಬೇಕು. ಇದೂ ಮೇಲೆ ಹೇಳಿದ ಫರ್ಮಾ ಪ್ರಮೇಯದಿಂದಲೇ ಬರುತ್ತದೆ. ಹಾಗಾಗಿ 3, 7, 11, 19, 23 ಇವನ್ನೆಲ್ಲ ನೋಡದೆಯೇ ಬಿಡಬಹುದು. 134 ಭಾಗಾಕಾರದ ಬದಲು 63 ಸಾಕು. ಆ 63ನ್ನೂ ಮಾಡಿದ್ದೇನೆ, ಯಾವುದರಿಂದಲೂ ಹೋಗುವುದಿಲ್ಲ. 349ರ ಹತ್ತಿರ ಶೇಷ 6, 733ರ ಹತ್ತಿರ ಬರೀ 3ರಲ್ಲಿ ತಪ್ಪಿಹೋಗುತ್ತದೆ: 733 × 788 = 577604. 577601 ಅಪ್ಪಟ ಅವಿಭಾಜ್ಯ.

ಇನ್ನೂ ಒಂದು ಚಂದ ಇದೆ. ಪಿನ್ ಕೋಡಿನ ಮೊದಲ ಮೂರು ಅಂಕಿ ಅಂಚೆಯ ವಿಂಗಡಣೆ ಪ್ರದೇಶವನ್ನು ಹೇಳುತ್ತವೆ. ದಾವಣಗೆರೆ, ಚಿತ್ರದುರ್ಗ ಎರಡಕ್ಕೂ ಅದು 577. ಈ 577 ತಾನೂ ಅವಿಭಾಜ್ಯ, ತಾನೂ ಅದೇ ಜಾತಿ: 24² + 1. ಬೌಧಾಯನನ ಶುಲ್ಬಸೂತ್ರದಲ್ಲಿ 2ರ ವರ್ಗಮೂಲಕ್ಕೆ ಒಂದು ಲೆಕ್ಕ ಇದೆ. ಒಂದಕ್ಕೆ ಅದರ ಮೂರನೇ ಒಂದು ಭಾಗ ಸೇರಿಸು, ಆ ಭಾಗದ ನಾಲ್ಕನೇ ಒಂದು ಸೇರಿಸು, ಅದರ ಮೂವತ್ನಾಲ್ಕನೇ ಒಂದು ಕಳೆ. ಕೂಡಿ ಕಳೆದರೆ ಬರುವುದು 577/408. ಐದು ದಶಮಾಂಶ ಸ್ಥಾನದವರೆಗೆ ಸರಿಯಾಗಿದೆ. 577ರ ವರ್ಗ 3,32,929, 408ರ ವರ್ಗದ ಎರಡರಷ್ಟು 3,32,928. ಇಲ್ಲೂ ಅಂತರ ಒಂದೇ.

ಹೀಗೆ ವರ್ಗಕ್ಕೆ ಒಂದು ಸೇರಿಸಿದ ಅವಿಭಾಜ್ಯಗಳು ಎಷ್ಟಿವೆ? 2, 5, 17, 37, 101, 197, 257, 401, 577 ಅಂತ ಸಿಗುತ್ತಾ ಹೋಗುತ್ತವೆ, ಆದರೆ ಅವು ಎಂದೂ ಮುಗಿಯುವುದಿಲ್ಲ ಅಂತ ಇವತ್ತಿಗೂ ಯಾರೂ ಸಾಬೀತು ಮಾಡಿಲ್ಲ. 1912ರಲ್ಲಿ ಕೇಂಬ್ರಿಡ್ಜ್‌ನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಎಡ್ಮಂಡ್ ಲ್ಯಾಂಡೌ ಅವಿಭಾಜ್ಯಗಳ ಬಗ್ಗೆ ನಾಲ್ಕು ಸಮಸ್ಯೆ ಮುಂದಿಟ್ಟರು, ಇದು ಅದರಲ್ಲೊಂದು. ನಾಲ್ಕೂ ಹಾಗೇ ಇವೆ. 1978ರಲ್ಲಿ ಹೆನ್ರಿಕ್ ಇವಾನಿಯೆಟ್ಸ್ ಹತ್ತಿರ ಬಂದರು: ಅವಿಭಾಜ್ಯ, ಇಲ್ಲವೇ ಎರಡೇ ಅವಿಭಾಜ್ಯಗಳ ಗುಣಲಬ್ಧ, ಇಂಥವು ಈ ರೂಪದಲ್ಲಿ ಅಪರಿಮಿತವಾಗಿವೆ ಅಂತ ತೋರಿಸಿದರು. ಅಲ್ಲಿಂದ ಪೂರ್ತಿ ದಡ ಸೇರಿದವರಿಲ್ಲ.

ನಿಮ್ಮ ಮಗನಿಗೆ ಆಸಕ್ತಿ ಇದೆ ಅನ್ನಿಸುತ್ತದೆ, ಒಂದು ಕೆಲಸ ಕೊಡಿ. 760 ಆದಮೇಲೆ ಇಂಥದ್ದು ಮುಂದೆ ಎಲ್ಲಿದೆ ಅಂತ ಹುಡುಕಲಿ. ಬೆಸ ಸಂಖ್ಯೆಗಳನ್ನು ಬಿಡಲಿ, ಅವುಗಳ ವರ್ಗಕ್ಕೆ 1 ಸೇರಿಸಿದರೆ ಸಮ ಆಗುತ್ತದೆ. 2 ಅಥವಾ 8ರಲ್ಲಿ ಕೊನೆಯಾಗುವುದನ್ನೂ ಬಿಡಲಿ, ಅಲ್ಲಿ 5ರಲ್ಲಿ ಕೊನೆಯಾಗುತ್ತದೆ. ಹಾಗಾಗಿ ಮೊದಲು ನೋಡಬೇಕಾದದ್ದು 764² + 1, ಅಂದರೆ 5,83,697. ಅಷ್ಟು ದೊಡ್ಡದನ್ನು ಭಾಗಿಸುತ್ತಾ ಕೂರಬೇಕಾಗಿಲ್ಲ, 764ನ್ನು ಭಾಗಿಸಿ, ಬಂದ ಶೇಷದ ವರ್ಗಕ್ಕೆ 1 ಸೇರಿಸಿ ನೋಡಿದರೆ ಸಾಕು. 13ಕ್ಕೆ ಶೇಷ 10, ವರ್ಗಕ್ಕೆ 1 ಸೇರಿಸಿದರೆ 101, ಅದು 13ರಿಂದ ಹೋಗುವುದಿಲ್ಲ. 17ಕ್ಕೆ ಶೇಷ 16, 257 ಆಗುತ್ತದೆ, ಅದೂ ಹೋಗುವುದಿಲ್ಲ. ಮುಂದಿನದು 29. ಅಲ್ಲಿಂದ 761ರವರೆಗೆ, 4ರಿಂದ ಶೇಷ 1 ಬರುವ ಅವಿಭಾಜ್ಯಗಳನ್ನು ಮಾತ್ರ ಹಿಡಿದುಕೊಂಡು ಹೋಗಲಿ.